ಸಂದೇಹದ ದಫ್ತರ



ಆತ್ಮಕ್ಕೆ ಸ್ತ್ರೀಪುರುಷ ಭೇದವಿಲ್ಲವೆಂಬ ಜೇಡರ ದಾಸಿಮಯ್ಯನ ವಿಚಾರವು ಮಠಗಳಲ್ಲಿ ಓದಿದ ತಮಗೆ ಬಾಲ್ಯದಿಂದಲೇ ಪರಿಚಿತವಾದುದು. ಆದರೆ ಹೆಣ್ಣು-ಗಂಡೆಂಬ ಎರಡು ಸಾಲುಗಳಲ್ಲಿ ನಿಲ್ಲಲಾರದವರನ್ನು ನಮ್ಮ ದೇಶದ ಶಾಸನಗಳು ಹೇಗೆ ನಡೆಸಿಕೊಂಡವೆಂಬ ಇತಿಹಾಸವನ್ನು ನಾವು ಓದಿದ್ದು ವಿರಳ.

ಬ್ರಿಟಿಷ್ ಸರ್ಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಅಲೆಮಾರಿ ಸಮುದಾಯಗಳಿಗೆ ಅದು ಹಚ್ಚಿದ ಕಳಂಕವನ್ನು ಅನೇಕರು ಬಲ್ಲರು. ಅದರ ಎರಡನೆಯ ಭಾಗವನ್ನು ಬಲ್ಲವರು ಕಡಿಮೆ. ಆ ಭಾಗವು ಹಿಜಡಾಗಳನ್ನು ‘ನಪುಂಸಕ’ರೆಂದು ಹೆಸರಿಸಿ, ಅವರಲ್ಲಿ ಬಾಲಕರನ್ನು ಅಪಹರಿಸುವರೆಂದೋ, ಅಂಗಚ್ಛೇದ ಮಾಡುವರೆಂದೋ, ದಂಡಸಂಹಿತೆಯ 377ನೆಯ ಕಲಮಿನ ಅಪರಾಧವನ್ನೆಸಗುವರೆಂದೋ ಸಂದೇಹಕ್ಕೊಳಗಾದವರ ಹೆಸರು, ವಾಸಸ್ಥಳ, ಆಸ್ತಿಗಳನ್ನು ಸರ್ಕಾರಿ ದಫ್ತರದಲ್ಲಿ ಬರೆದಿಡಲು ವಿಧಿಸಿತು. ಅಪರಾಧ ಸಿದ್ಧವಾಗಬೇಕಾಗಿರಲಿಲ್ಲ, ಸಂದೇಹವೇ ಸಾಕಾಗಿತ್ತು. ಹೆಸರು ದಾಖಲಾದವರು ಸ್ತ್ರೀವೇಷದಲ್ಲಿ ಬೀದಿಗೆ ಬಂದರೆ, ಅಲ್ಲಿ ಕುಣಿದರೆ, ವಾದ್ಯ ನುಡಿಸಿದರೆ ವಾರಂಟಿಲ್ಲದೆ ಬಂಧನ, ಎರಡು ವರ್ಷಗಳವರೆಗೆ ಸೆರೆ. ಹದಿನಾರು ತುಂಬದ ಬಾಲಕನು ಅವರ ಮನೆಯಲ್ಲಿರಕೂಡದು. ದತ್ತು ಸ್ವೀಕರಿಸಲು, ದಾನ ಕೊಡಲು, ಮರಣಶಾಸನ ಬರೆಯಲು ಅವರಿಗೆ ಅಧಿಕಾರವಿಲ್ಲ.

ಈ ಕೊನೆಯ ನಿರ್ಬಂಧಗಳ ಕ್ರೌರ್ಯ ಮಠದ ಮಕ್ಕಳಾದ ನಮಗೆ ಬೇಗ ಅರ್ಥವಾಗಬೇಕು. ಹೆತ್ತವರು ಬಿಟ್ಟ ಮೇಲೆ ಹಿಜಡಾಗಳಿಗಿದ್ದ ಕುಟುಂಬವೆಂದರೆ ಗುರು-ಶಿಷ್ಯ ಪರಂಪರೆಯೊಂದೇ. ಗುರುವಿನದು ಶಿಷ್ಯನಿಗೆ ಸಲ್ಲದಂತೆ ಮಾಡಿದರೆ ಪರಂಪರೆಯೇ ಅಳಿಯುವುದು. ಶಾಸಕರ ಉದ್ದೇಶವೂ ಅದೇ ಆಗಿತ್ತು.

ನಮ್ಮ ಬಸವಕಲ್ಯಾಣ ಸೇರಿದ್ದ ನಿಜಾಮರ ರಾಜ್ಯದಲ್ಲಿಯೂ 1919ರಲ್ಲಿ ಇಂಥದೇ ಕಾಯಿದೆಯಾಯಿತು. ತೆಲಂಗಾಣದ ಉಚ್ಚ ನ್ಯಾಯಾಲಯವು ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದ್ದು 2023ರಲ್ಲಿ.

ಪರಕೀಯರ ತಪ್ಪೆಂದು ಹೇಳಿ ಕೈತೊಳೆಯುವಂತೆಯೂ ಇಲ್ಲ. ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರಲ್ಲಿ ದೇಶದಾದ್ಯಂತ ರದ್ದಾಗಿದ್ದರೂ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಎಂಬ ಕಲಮು ಸೇರಿತು. ಅದೇ ‘ನಪುಂಸಕ’ ಎಂಬ ಪದ, ಅದೇ ಅಪಹರಣದ ಸಂದೇಹ, ಅದೇ ದಫ್ತರ! ಚುನಾಯಿತ ಶಾಸನಸಭೆಯೇ ಇದನ್ನು ಒಪ್ಪಿತೆಂಬುದು ಖೇದಕರ. ನೊಂದವರು ಉಚ್ಚ ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಆ ಪದವನ್ನು ಕೈಬಿಡಲಾಯಿತು. ಅಷ್ಟರೊಳಗೆ, 2014ರ ಏಪ್ರಿಲ್ 15ರಂದು, ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರದೆಂದು ಸಾರಿತ್ತು. ವಯಸ್ಕರ ಸಮ್ಮತಿಯ ಸಲಿಂಗಸಂಬಂಧವು ಅಪರಾಧವಲ್ಲವೆಂಬ ತೀರ್ಪು 2018ರಲ್ಲಿ ಬಂದಿತು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

2021ರಲ್ಲಿ ನಮ್ಮ ರಾಜ್ಯವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನಿತ್ತಿತು. ಆದರೆ ಅರ್ಜಿ ಹಾಕಲು ವಿದ್ಯೆ ಬೇಕು. ಹದಿಹರೆಯದಲ್ಲಿಯೇ ಮನೆಯಿಂದ ಹೊರದೂಡಲ್ಪಟ್ಟವರಿಗೆ ವಿದ್ಯೆ ದೊರೆಯಬೇಕಾದರೆ ಮೊದಲು ಅನ್ನ ಮತ್ತು ಆಶ್ರಯ ಬೇಕು. ಪ್ರಸಾದನಿಲಯದ ಅನ್ನವುಂಡು ಓದಿದ ತಾವು ಇದನ್ನು ಚೆನ್ನಾಗಿ ಬಲ್ಲಿರಿ. ಅಂಥದೊಂದು ಮಗು ಅದೇ ಬಾಗಿಲಿಗೆ ಬಂದು ನಿಂತರೆ ಒಳಗೆ ಕರೆಯಲು ನಾವು ಸಿದ್ಧರಿದ್ದೇವೆಯೇ?