ಬಿಜ್ಜಳನ ಸಾವು: ಕಲ್ಯಾಣದ ಹಳೆಯ ಪ್ರಕರಣದ ಮರುವಿಚಾರಣೆ

ಇಂದು ಬೀದರ್ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಬಸವಕಲ್ಯಾಣವು ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಿಂದ ರಾಜಧಾನಿಯಾಗಿ ಮೆರೆದ ಊರು. ಆ ಚಾಲುಕ್ಯರ ಮಹಾಮಂಡಲೇಶ್ವರನಾಗಿ, ಎಂದರೆ ಹಿರಿಯ ಸಾಮಂತನಾಗಿ, ಮಂಗಳವಾಡದಿಂದ ಆಳುತ್ತಿದ್ದ ಕಳಚುರಿ ಎರಡನೆಯ ಬಿಜ್ಜಳನು ಒಡೆಯನ ಸಿಂಹಾಸನವನ್ನೇ ಕಸಿದುಕೊಂಡು 1162ರ ಸುಮಾರಿಗೆ ಕಲ್ಯಾಣಕ್ಕೆ ಬಂದು ನೆಲಸಿದನು. ಐದಾರು ವರ್ಷಗಳಲ್ಲೇ ಅವನ ಆಳ್ವಿಕೆ ಮುಗಿಯಿತು. ಅದು ಹೇಗೆ ಮುಗಿಯಿತೆಂಬ ಪ್ರಶ್ನೆ ಪತ್ತೇದಾರಿ ಕಾದಂಬರಿಗೆ ತಕ್ಕಂಥದು, ಆದರೆ ಇಲ್ಲಿ ಕೊನೆಯ ಪುಟದಲ್ಲಿ ಕೊಲೆಗಾರನನ್ನು ಹಿಡಿದುಕೊಡುವ ಲೇಖಕನಿಲ್ಲ.

ಸಾಕ್ಷಿಗಳು ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದ ಪರಂಪರೆಯಲ್ಲಿ, ಶಿವಶರಣರಿಗೆ ಕ್ರೂರಶಿಕ್ಷೆ ವಿಧಿಸಿದ ಅರಸನನ್ನು ಜಗದೇವ, ಮಲ್ಲಯ್ಯ, ಬೊಮ್ಮಯ್ಯ ಎಂಬವರು ಅರಮನೆಯಲ್ಲೇ ಇರಿದು ಕೊಲ್ಲುತ್ತಾರೆ. ಹಳೆಯ ನಿರೂಪಣೆ ಶರಣರ ಕಣ್ಣು ಕೀಳಿಸಿದುದನ್ನು ಹೇಳಿದರೆ, ಜನಮನದಲ್ಲಿ ನಿಂತಿರುವುದು ಹರಳಯ್ಯ, ಮಧುವರಸರೆಂಬ ಶರಣರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಚಿತ್ರ. ಜೈನಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆಯಲ್ಲಾದರೋ ಕೃತ್ಯದ ಸ್ಥಳವೂ ಬೇರೆ, ಸಾಧನವೂ ಬೇರೆ: ಕೊಲ್ಲಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಮರಳುವ ದಾರಿಯಲ್ಲಿ, ಭೀಮಾತೀರದ ಬಿಡಾರದಲ್ಲಿ, ಜೈನವೇಷದ ಜಂಗಮನೊಬ್ಬ ವಿಷದ ಹಣ್ಣು ಕೊಟ್ಟನಂತೆ. ಎರಡೂ ಕಡೆಯವರು ಘಟನೆಗೆ ಬಹುಕಾಲದ ಮೇಲೆ, ತಮ್ಮ ಮತದ ಅಭಿಮಾನದಿಂದ ಬರೆದವರೇ.

ಪುರಾಣಗಳ ತೀರ್ಪಿನೊಡನೆ ಮುಚ್ಚಿಹೋಗಿದ್ದ ಈ ಪ್ರಕರಣವನ್ನು ಮತ್ತೆ ತೆರೆದವರು ಶಾಸನತಜ್ಞರು. ಜೆ. ಎಫ್. ಫ್ಲೀಟ್ ಪರಿಶೀಲಿಸಿದ ಶಾಸನಗಳಲ್ಲಿ ಕೊಲೆಯ ಸುದ್ದಿಯಿಲ್ಲ; 1167ರ ಹೊತ್ತಿಗೆ ಬಿಜ್ಜಳನು ಮಗ ರಾಯಮುರಾರಿ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂಬ ತೀರ್ಮಾನಕ್ಕೆ ಅವನು ಬಂದನು. ಶಿವಭಕ್ತ ಏಕಾಂತದ ರಾಮಯ್ಯನಿಗೆ ಬಿಜ್ಜಳನು ಜಯಪತ್ರವನ್ನು, ಎಂದರೆ ವಾದದಲ್ಲಿ ಗೆದ್ದುದಕ್ಕೆ ರಾಜಮುದ್ರೆಯ ಪತ್ರವನ್ನು, ಕೊಟ್ಟ ಕಥೆಯುಳ್ಳ ಅಬ್ಬಲೂರಿನ ಶಾಸನವನ್ನು ಪ್ರಕಟಿಸಿದ ಫ್ಲೀಟ್, ವೀರಶೈವ ಚಳವಳಿಯ ಮುಂದಾಳುತನವನ್ನು ಬಸವಣ್ಣನಿಗಿಂತ ರಾಮಯ್ಯನಿಗೇ ಸಲ್ಲಿಸಿದುದು ಮಾತ್ರ ಅವಸರದ ನಿರ್ಣಯ. ಮುಂದೆ ಬೆಳಕಿಗೆ ಬಂದ 1260ರ ಅರ್ಜುನವಾಡದ ಶಾಸನವು ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನನ್ನು, ಎಂದರೆ ಬಸವಣ್ಣನನ್ನೇ, ಹೆಸರಿಸಿ ಆ ನಿರ್ಣಯಕ್ಕೆ ಉತ್ತರ ಕೊಟ್ಟಿತು.

ಆದರೆ ಶಾಸನದ ಮೌನವನ್ನು ಸಾಕ್ಷ್ಯವೆಂದು ಎಣಿಸುವುದಕ್ಕೂ ಮಿತಿಯಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ, ಬೆನ್ನು ತಿರುಗಿಸಿ ನಿಂತ ಶಿಲಾಬಾಲಿಕೆಯೊಬ್ಬಳು ಕೈಯೆತ್ತಿ ಫಲಕದ ಮೇಲೆ ಅಕ್ಷರ ಮೂಡಿಸುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಅರಸರ ಕಾಲದ ಶಾಸನಗಳು ಹೆಚ್ಚಾಗಿ ಪ್ರಶಸ್ತಿಗೆ, ಎಂದರೆ ಸ್ತುತಿಗೆ, ಮತ್ತು ದತ್ತಿಯನ್ನು ದಾಖಲಿಸುವುದಕ್ಕೆ ಮೀಸಲು; ಅರಮನೆಯೊಳಗಿನ ರಕ್ತಪಾತವನ್ನು ಮಗನ ಆಳ್ವಿಕೆಯಲ್ಲಿ ಕಲ್ಲಿಗೆ ಏರಿಸುವವರು ಯಾರು? ಆದುದರಿಂದ ಕೊಲೆ ನಡೆದಿರುವ ಸಂಭವವನ್ನು ತಳ್ಳಿಹಾಕಲಾಗದು, ಕೊಂದವರ ಹೆಸರನ್ನು ಪುರಾಣದ ಬಲದ ಮೇಲೆ ಸ್ಥಾಪಿಸಲೂ ಆಗದು. ಸಂದೇಹಕ್ಕೆ ಎಡೆಯಿಲ್ಲದೆ ಹೇಳಬಹುದಾದುದು ಇಷ್ಟೇ: ಸೋವಿದೇವನೂ ಅವನ ತಮ್ಮಂದಿರೂ ಒಬ್ಬರ ಹಿಂದೊಬ್ಬರು ಪಟ್ಟವೇರಿದರು, 1184ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರನು ಚಾಲುಕ್ಯರ ಅಧಿಕಾರವನ್ನು ಮರಳಿ ಸ್ಥಾಪಿಸಿದನು, ಕಳಚುರಿಗಳ ಕಲ್ಯಾಣದ ಆಳ್ವಿಕೆ ಅಲ್ಲಿಗೆ ಮುಗಿಯಿತು.