ಚಿಪ್ಪಿನೊಳಗಿನ ತೂಕದ ಕಲ್ಲು

ತಕ್ಕಡಿ ಎಷ್ಟೇ ಚೆನ್ನಾಗಿದ್ದರೂ ತೂಕದ ಕಲ್ಲು ಸರಿಯಿಲ್ಲದಿದ್ದರೆ ತೂಗಿದ್ದೆಲ್ಲ ಸುಳ್ಳು. ಡಿಜಿಟಲ್ ಥರ್ಮಾಮೀಟರ್, ವಿದ್ಯುತ್ ಮೀಟರ್, ಮೊಬೈಲ್ ಫೋನುಗಳ ಚಿಪ್ಪಿನೊಳಗೂ ಅಂಥದೊಂದು ಕಲ್ಲು ಇರುತ್ತದೆ. ಅದಕ್ಕೆ ವೋಲ್ಟೇಜ್ ರೆಫರೆನ್ಸ್ ಎನ್ನುತ್ತಾರೆ. ಬ್ಯಾಟರಿ ಇಳಿದರೂ ಬಿಸಿಲು ಏರಿದರೂ ಅದರ ವೋಲ್ಟೇಜ್ ಬದಲಾಗಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ದೇವದುರ್ಗ, ಮಾನ್ವಿಯ ಜನರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಈ ಕೆಲಸಕ್ಕೆ ಗಾಜಿನ ಕೋಶವಿತ್ತು. 1893ರಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದ, ಸುಮಾರು 1.018 ವೋಲ್ಟ್ ಕೊಡುವ ಕೋಶವು 1911ರಿಂದ 1990ರವರೆಗೆ ಅಂತರರಾಷ್ಟ್ರೀಯ ಮಾನದಂಡವಾಗಿತ್ತು. ಆದರೆ ಅದನ್ನು ಚಿಪ್ಪಿನೊಳಗೆ ಇಡಲಾಗದು. ಝೀನರ್ ಡಯೋಡ್ ಬಳಸೋಣವೆಂದರೆ, ಅದು ಚೆನ್ನಾಗಿ ಕೆಲಸ ಮಾಡುವುದು 6 ವೋಲ್ಟಿನ ಆಸುಪಾಸಿನಲ್ಲಿ. 5 ವೋಲ್ಟಿನ ಚಿಪ್ಪಿಗೆ ಅದು ಒಗ್ಗಲಿಲ್ಲ.

ದಾರಿ ತೋರಿಸಿದವರು ಅಮೆರಿಕದ ಡೇವಿಡ್ ಹಿಲ್ಬೈಬರ್. ಅವರು 1964ರಲ್ಲಿ ಮಂಡಿಸಿದ ವಿಚಾರವನ್ನು 1971ರಲ್ಲಿ ಬಾಬ್ ವಿಡ್ಲರ್ ಚಿಪ್ಪಿಗೆ ತಕ್ಕಂತೆ ಬೆಳೆಸಿದರು. 1974ರಲ್ಲಿ ಪಾಲ್ ಬ್ರೋಕಾ ಅದನ್ನು ಇನ್ನಷ್ಟು ಸರಳಗೊಳಿಸಿದರು. ಇದೇ ಬ್ಯಾಂಡ್‌ಗ್ಯಾಪ್ ರೆಫರೆನ್ಸ್.

ಇದರ ಗುಟ್ಟು ಸರಳ. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಒಂದಕ್ಕಿಂತ ಇನ್ನೊಂದು 8 ಪಟ್ಟು ದೊಡ್ಡದಾದ ಎರಡು ಟ್ರಾನ್ಸಿಸ್ಟರುಗಳಲ್ಲಿ ಸಮಾನ ಕರೆಂಟ್ ಹರಿಸಿದರೆ, ಅವುಗಳ ನಡುವಿನ ವ್ಯತ್ಯಾಸ ಕೋಣೆಯ ತಾಪದಲ್ಲಿ ಸುಮಾರು 54 ಮಿಲಿವೋಲ್ಟ್. ಇದು ಬಿಸಿಯಾದಂತೆ ಏರುತ್ತದೆ. ಏರುವುದನ್ನು ಹತ್ತು ಪಟ್ಟಿನಷ್ಟು ಹೆಚ್ಚಿಸಿ ಇಳಿಯುವುದಕ್ಕೆ ಕೂಡಿಸಿದರೆ, ಏರಿಳಿತ ಸರಿದೂಗಿ ಸುಮಾರು 1.2 ವೋಲ್ಟ್ ಸ್ಥಿರವಾಗಿ ನಿಲ್ಲುತ್ತದೆ.

ಮುಂದಿನ ಸವಾಲು ಮಿತವ್ಯಯದ್ದು. ರೆಫರೆನ್ಸ್ ಸದಾ ಎಚ್ಚರವಿರಬೇಕು. 225 ಮಿಲಿಆಂಪಿಯರ್-ಗಂಟೆಯ ನಾಣ್ಯದಾಕಾರದ ಸೆಲ್‌ನಿಂದ ಅದೊಂದೇ 100 ಮೈಕ್ರೋಆಂಪಿಯರ್ ಎಳೆದರೆ ಸುಮಾರು 94 ದಿನಕ್ಕೆ ಸೆಲ್ ಖಾಲಿ. 1 ಮೈಕ್ರೋಆಂಪಿಯರ್ ಸಾಕಾದರೆ ಲೆಕ್ಕದ ಪ್ರಕಾರ 25 ವರ್ಷ! ಆದರೆ ಕರೆಂಟ್ ತಗ್ಗಿಸಿದಷ್ಟೂ ದೊಡ್ಡ ರೆಸಿಸ್ಟರ್ ಬೇಕು. 54 ಮಿಲಿವೋಲ್ಟಿಗೆ 10 ನ್ಯಾನೋಆಂಪಿಯರ್ ಎಂದರೆ 54 ಲಕ್ಷ ಓಮ್. ಚಿಪ್ಪಿನ ಜಾಗವನ್ನೆಲ್ಲ ಅದೇ ನುಂಗುತ್ತದೆ. ಇದಕ್ಕೆ ಪರಿಹಾರದ ದಾರಿ ಕೈಗಡಿಯಾರಗಳ ನಾಡಾದ ಸ್ವಿಟ್ಜರ್ಲೆಂಡಿನಿಂದ ಬಂತು. 1977ರಲ್ಲಿ ಎರಿಕ್ ವಿಟ್ಟೋಜ್ ಮತ್ತು ಫೆಲ್ರಾತ್, ಪೂರ್ತಿ ತೆರೆಯದ ಮಾಸ್ ಟ್ರಾನ್ಸಿಸ್ಟರಿನಿಂದಲೇ ಅತ್ಯಲ್ಪ ಕರೆಂಟಿನಲ್ಲಿ ಕೆಲಸ ತೆಗೆಯಬಹುದೆಂದು ತೋರಿಸಿದರು. 1999ರಲ್ಲಿ ಜಪಾನಿನ ಬಾನ್ಬಾ ಮತ್ತು ಸಂಗಡಿಗರು 1 ವೋಲ್ಟಿಗಿಂತ ಕಡಿಮೆ ಸರಬರಾಜಿನಲ್ಲೂ ನಡೆಯುವ ಸರ್ಕ್ಯೂಟನ್ನು ಪ್ರಕಟಿಸಿದರು.

ನಮ್ಮ ರಾಜ್ಯಕ್ಕೂ ಈ ವಿದ್ಯೆ ಹೊಸದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ಇಲ್ಲಿ ಬೇರೂರಿತು. 2005ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕಾಸ್ಮಿಕ್ ಸರ್ಕ್ಯೂಟ್ಸ್ ಅನಲಾಗ್ ವಿನ್ಯಾಸದಲ್ಲಿ ಹೆಸರು ಮಾಡಿತು. 2013ರಲ್ಲಿ ಕೇಡೆನ್ಸ್ ಅದನ್ನು ಕೊಂಡಿತು. ರಾಯಚೂರಿನ ಪಾಲಿಗೆ 2019ರಲ್ಲಿ ಐಐಐಟಿಯೂ ಬಂತು. ಬೆಂಗಳೂರಿನ ವಿದ್ಯೆ ನಮ್ಮ ಮಕ್ಕಳಿಗೆ ದೂರದ್ದು ಎಂಬ ಮಾತು ಇನ್ನು ಸಲ್ಲದು.

ವಿದ್ಯಾರ್ಥಿ ಮಿತ್ರರೇ, ಒಂದು ಸಾದಾ ಡಯೋಡ್ ಮತ್ತು ಮಲ್ಟಿಮೀಟರ್ ತೆಗೆದುಕೊಳ್ಳಿರಿ. ನಸುಕಿನಲ್ಲೊಮ್ಮೆ, ಮಧ್ಯಾಹ್ನ ನೆರಳಿನಲ್ಲೊಮ್ಮೆ ಅದರ ವೋಲ್ಟೇಜ್ ಅಳೆದು ಬರೆದಿಡಿರಿ. 15 ಡಿಗ್ರಿ ವ್ಯತ್ಯಾಸವಿದ್ದರೆ ಸುಮಾರು 30 ಮಿಲಿವೋಲ್ಟ್ ಇಳಿದಿರುತ್ತದೆ. ಹಿಲ್ಬೈಬರ್, ವಿಡ್ಲರ್ ಎದುರಿಸಿದ ಪ್ರಶ್ನೆ ಇದೇ. ಅದನ್ನು ಕಾಣಲು ದೊಡ್ಡ ಪ್ರಯೋಗಾಲಯ ಬೇಡ. ಪ್ರತಿದಿನ ಅಳೆಯುವ ತಾಳ್ಮೆ ಬೇಕು.