ಅಜ್ಜಿಯ ಪುಸ್ತಕದಲ್ಲಿ ಅಮ್ಮನ ಬೀಡಿ

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ 'ರೋ ವರ್ಸಸ್ ವೇಡ್' ತೀರ್ಪನ್ನು ತಳ್ಳಿಹಾಕಿತು. ಮುಂದಿನ ವಾರ ಮಣಿಪಾಲದ ನಮ್ಮ ಆಫೀಸಿನಲ್ಲಿ ಕೆಲಸಕ್ಕಿಂತ ಅದೇ ಮಾತು ಜಾಸ್ತಿ. ಆಚೆ ತುದಿಯಲ್ಲಿ ಅಮೆರಿಕದ ಸಹೋದ್ಯೋಗಿಗಳು, ಈಚೆ ನಾವು. ಕೆಲವರು 'ಆಯ್ಕೆ' ಅಂದರು, ಕೆಲವರು 'ಜೀವ' ಅಂದರು. ನಮ್ಮ ಕಡೆಯವರೊಬ್ಬರು, "ಸದ್ಯ, ನಮ್ಮಲ್ಲಿ ಈ ಜಗಳ 1971ಕ್ಕೇ ಮುಗಿದಿದೆ" ಅಂತ ಸಮಾಧಾನಪಟ್ಟುಕೊಂಡರು. ನಾನೂ ತಲೆಯಾಡಿಸಿದೆ.

ಆ ಶನಿವಾರ ಕಾರ್ಕಳದ ಹತ್ತಿರದ ನಮ್ಮ ಮನೆಗೆ ಹೋದೆ. ಟೀವಿಯಲ್ಲಿ ಅದೇ ಸುದ್ದಿ. ಅಮ್ಮ ಗೋಡೆಗೆ ಒರಗಿ, ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದಳು. ಅಲ್ಲಿ ಎಂತ ಗಲಾಟೆ ಅಂತ ಕೇಳಿದಳು. ಹೇಳಿದೆ. ಕತ್ತರಿ ನಿಲ್ಲಲಿಲ್ಲ. "ನಿನ್ನ ತಮ್ಮ ಆದ ಮೇಲೆ ನನಗೂ ಒಂದು ನಿಂತಿತ್ತು. ತೆಗೆಸಿದ್ದು" ಅಂದಳು.

ಮೂವತ್ತನಾಲ್ಕು ವರ್ಷ ನನಗೆ. ಅಲ್ಲಿಯವರೆಗೆ ಇದು ಗೊತ್ತೇ ಇರಲಿಲ್ಲ.

ನಡೆದದ್ದು 1993ರಲ್ಲಿ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದ. ನನಗೆ ಐದು, ತಮ್ಮನಿಗೆ ಎರಡು. ಅಮ್ಮ ತವರಿನಲ್ಲೇ ಇದ್ದಳು. ತುಳುನಾಡಿನಲ್ಲಿ ಇದೇನೂ ವಿಶೇಷವಲ್ಲ. ಅಜ್ಜನಿಗೆ ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಹಾಕಿ ಸಿಕ್ಕಿದ ಸ್ವಲ್ಪ ಗದ್ದೆ ಇತ್ತು. ದೇವರಾಜ ಅರಸರ 1974ರ ಕಾನೂನು ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಿಗೆ ಅನ್ನ ಕೊಟ್ಟಿತು ಎಂಬುದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಆದರೆ ಗದ್ದೆಯಿಂದ ಬರುವುದು ಅಕ್ಕಿ. ಶಾಲೆಯ ಫೀಸು, ಔಷಧಿ, ಬಸ್ಸಿನ ಚಿಲ್ಲರೆ ಎಲ್ಲದಕ್ಕೂ ದುಡ್ಡು ಬೇಕು. ಅಪ್ಪನ ಮನಿಆರ್ಡರ್ ಬರುವ ತಿಂಗಳು ಬರುತ್ತಿತ್ತು, ಇಲ್ಲದ ತಿಂಗಳು ಇಲ್ಲ. ವಾರ ವಾರ ತಪ್ಪದೆ ಕೈಗೆ ಬರುತ್ತಿದ್ದ ಹಣ ಬೀಡಿಯದ್ದು ಒಂದೇ.

ಬೀಡಿ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ಗುತ್ತಿಗೆದಾರನ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ತರುವುದು. ಮನೆಯಲ್ಲಿ ಎಲೆ ನೆನೆಸಿ, ಅಚ್ಚಿಟ್ಟು ಕತ್ತರಿಸಿ, ಹುಡಿ ತುಂಬಿ ಸುತ್ತಿ, ನೂಲು ಕಟ್ಟಿ, ಕಟ್ಟು ಮಾಡಿ ಬ್ರಾಂಚಿಗೆ ಕೊಡುವುದು. ಮಜೂರಿ ಸಾವಿರಕ್ಕೆ ಇಷ್ಟು ಅಂತ. ಬೇರೆ ಕೆಲಸ ಏನೂ ಇಲ್ಲದಿದ್ದರೆ ಪಳಗಿದ ಕೈಗೆ ದಿನಕ್ಕೆ ಸಾವಿರ. ಹಟ್ಟಿ, ಅಡುಗೆ, ಮಕ್ಕಳು ಇದ್ದರೆ ಆರುನೂರು, ಏಳುನೂರು. ಸರಿಯಿಲ್ಲ ಅಂತ ಅಲ್ಲಿ ಬದಿಗೆ ಹಾಕಿದ ಬೀಡಿಗೆ ಮಜೂರಿ ಇಲ್ಲ. ಇವತ್ತಿಗೂ ಸಾವಿರ ಬೀಡಿಯ ಮಜೂರಿಯಲ್ಲಿ ಮಣಿಪಾಲದಲ್ಲಿ ಒಂದು ದೊಡ್ಡ ಪಿಜ್ಜಾ ಬರುವುದಿಲ್ಲ. ವೀಕೆಂಡಿನಲ್ಲಿ ನಾವು ಬಿಲ್ ನೋಡದೆ ಸ್ಕ್ಯಾನ್ ಮಾಡುತ್ತೇವಲ್ಲ, ಅದು.

ಹಾಗಾದರೆ ಕಾನೂನು ಇರಲಿಲ್ಲವೇ? ಬೇಕಾದಷ್ಟಿತ್ತು. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲೇ ಬೀಡಿ ಇತ್ತು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. 1966ರಲ್ಲಿ ಬಂದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮನೆಯಲ್ಲೇ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ, ಅವಳಿಗೂ ಹೆರಿಗೆ ಸೌಲಭ್ಯ ಸಿಗಬೇಕು ಅಂತ ಹೇಳಿತು. ಕೇರಳ ಸರ್ಕಾರ 1968ರಲ್ಲಿ ಇದನ್ನು ಜಾರಿಗೆ ತಂದಾಗ ಏನಾಯಿತು ಗೊತ್ತೇ? ಮಂಗಳೂರಿನ ಗಣೇಶ್ ಬೀಡಿಯವರು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದರು. ಹನ್ನೆರಡು ಸಾವಿರದಷ್ಟು ಜನ ಬೀದಿಗೆ ಬಿದ್ದರು. ಅವರ ಕೈಗೆ ಕೆಲಸ ಕೊಡಲೆಂದು 1969ರಲ್ಲಿ ಹುಟ್ಟಿದ್ದೇ ದಿನೇಶ್ ಬೀಡಿ ಸಹಕಾರ ಸಂಘ. ಇತ್ತ ಮಾಲೀಕರು ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 'ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವರ್ಸಸ್ ಯೂನಿಯನ್ ಆಫ್ ಇಂಡಿಯಾ' ಎಂದೇ ಆ ಕೇಸಿನ ಹೆಸರು. 1974ರಲ್ಲಿ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾನೂನು ಓದುವವರಿಗೆ ಇವತ್ತಿಗೂ ಪಾಠ ಅದು. ನಮ್ಮೂರಿನ ಹೆಸರಿರುವ ಕೇಸು, ನಮ್ಮೂರಿನ ಶಾಲೆಯಲ್ಲಿ ಮಾತ್ರ ನಮಗೆ ಯಾರೂ ಹೇಳಲಿಲ್ಲ!

ಅಷ್ಟೆಲ್ಲ ಆದರೂ 1993ರ ಅಮ್ಮನಿಗೆ ಅದರಿಂದ ನಯಾಪೈಸೆ ಸಿಗಲಿಲ್ಲ. ಕಾರಣ ತೀರಾ ಸಣ್ಣದು. ಅಮ್ಮ ಕಟ್ಟುತ್ತಿದ್ದದ್ದು ಅಜ್ಜಿಯ ಪುಸ್ತಕದಲ್ಲಿ. ಬ್ರಾಂಚಿನಲ್ಲಿ ಒಂದು ಮನೆಗೆ ಒಂದೇ ಪುಸ್ತಕ. ಮೂರು ಜನ ಕಟ್ಟಿದರೂ ಲೆಕ್ಕ ಒಬ್ಬಳದ್ದೇ. ಹೆರಿಗೆ ಸೌಲಭ್ಯ ಬೇಕಾದರೆ ಹಿಂದಿನ ಒಂದು ವರ್ಷದಲ್ಲಿ ಕಡಿಮೆಯೆಂದರೆ 80 ದಿನ ಕೆಲಸ ಮಾಡಿದ ದಾಖಲೆ ಬೇಕು. ದಾಖಲೆಯ ಪ್ರಕಾರ ನನ್ನ ಅಮ್ಮ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಅಷ್ಟೂ ಬೀಡಿ ಕಟ್ಟಿದ್ದು ಅರುವತ್ತು ದಾಟಿದ ಅಜ್ಜಿ! ಅಳಿಯಸಂತಾನದಿಂದಾಗಿ ನಮ್ಮಲ್ಲಿ ಎಲ್ಲವೂ ಹೆಂಗಸರ ಹೆಸರಿನಲ್ಲಿ ಅಂತ ನಾವು ಹೊರಗಿನವರ ಹತ್ತಿರ ಜಂಬ ಕೊಚ್ಚುವುದುಂಟು. ಹೌದು, ಪುಸ್ತಕವೂ ಹೆಂಗಸಿನ ಹೆಸರಿನಲ್ಲೇ ಇತ್ತು.

ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದ ನೆರೆಮನೆಯ ಅಕ್ಕಂದಿರ ಕೈ ಬೀಜದ ಎಣ್ಣೆಗೆ ಕಪ್ಪಾಗಿ ಸುಲಿದಿರುತ್ತಿತ್ತು. ಆದರೆ ಅವರಿಗೆ ಇಎಸ್ಐ ಚೀಟಿ ಇತ್ತು. ನಾಲ್ಕು ಗೋಡೆ ಇದ್ದರೆ ಕಾನೂನಿಗೆ ಒಳಗೆ ಬರಲು ಒಂದು ಬಾಗಿಲಾದರೂ ಇರುತ್ತದೆ. ನಮ್ಮ ಜಗಲಿಗೆ ಬಾಗಿಲೇ ಇರಲಿಲ್ಲ.

ಇನ್ನು ಗರ್ಭಪಾತದ ಕಾನೂನಿಗೆ ಬರುತ್ತೇನೆ. 1860ರ ದಂಡಸಂಹಿತೆಯ 312ನೇ ಕಲಮಿನಲ್ಲಿ ಗರ್ಭ ತೆಗೆದವನಷ್ಟೇ ಅಲ್ಲ, ತೆಗೆಸಿಕೊಂಡ ಹೆಂಗಸೂ ಅಪರಾಧಿ. ನೂರು ವರ್ಷ ಹೀಗೇ ನಡೆಯಿತು. ಕದ್ದು ಮಾಡಿಸಿಕೊಂಡು ಸತ್ತವರ ಸಂಖ್ಯೆ ಕಣ್ಣಿಗೆ ರಾಚತೊಡಗಿದಾಗ, 1964ರಲ್ಲಿ ಕೇಂದ್ರ ಸರ್ಕಾರ ಮಹಾರಾಷ್ಟ್ರದ ಶಾಂತಿಲಾಲ್ ಶಾ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 1966ರ ಕೊನೆಗೆ ವರದಿ ಬಂತು. 1967ರಲ್ಲಿ ಬ್ರಿಟನ್ ತನ್ನ ಕಾನೂನು ಸಡಿಲ ಮಾಡಿತು. ನಮ್ಮ ಎಂಟಿಪಿ ಕಾಯ್ದೆ 1971ರ ಆಗಸ್ಟಿನಲ್ಲಿ ಆಗಿ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಮೆರಿಕದ 'ರೋ' ತೀರ್ಪು ಬಂದದ್ದೇ 1973ರಲ್ಲಿ. ನಮ್ಮ ಆಫೀಸಿನವರ ಸಮಾಧಾನಕ್ಕೆ ಇಷ್ಟು ಆಧಾರ ಖಂಡಿತ ಇದೆ.

ಆದರೆ ಆ ಕಾಯ್ದೆಯನ್ನು ಕೂತು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅದರಲ್ಲಿ 'ಬಡತನ' ಎಂಬ ಪದವೇ ಇಲ್ಲ. ತಾಯಿಯ ಜೀವಕ್ಕೆ ಅಪಾಯ, ಅವಳ ಮೈಗೋ ಮನಸ್ಸಿಗೋ ಹಾನಿ, ಮಗುವಿನ ಅಂಗವೈಕಲ್ಯ, ಅತ್ಯಾಚಾರ, ಗಂಡಹೆಂಡತಿ ಬಳಸಿದ ಗರ್ಭನಿರೋಧಕ ವಿಫಲವಾದದ್ದು, ಇವಿಷ್ಟೇ ಕಾರಣಗಳು. ಜೊತೆಗೆ ಒಂದು ಪುಟ್ಟ ವಾಕ್ಯ: ಹಾನಿಯನ್ನು ಅಳೆಯುವಾಗ ಹೆಂಗಸಿನ ಈಗಿನ ಮತ್ತು ಮುಂದೆ ಬರಬಹುದಾದ ಪರಿಸರವನ್ನು ಡಾಕ್ಟರು ಗಮನಕ್ಕೆ ತಂದುಕೊಳ್ಳಬಹುದು. ಬ್ರಿಟನ್ನಿನ ಕಾಯ್ದೆಯಲ್ಲೂ ಇದೇ ಮಾತಿದೆ. ಸಾವಿರ ಬೀಡಿಯ ಮಜೂರಿ, ಬಾರದ ಮನಿಆರ್ಡರ್, ಅಜ್ಜಿಯ ಪುಸ್ತಕ ಎಲ್ಲವೂ ತೂರಿಕೊಳ್ಳಬೇಕಾದ ಕಿಂಡಿ ಆ 'ಪರಿಸರ' ಎಂಬ ಒಂದೇ ಪದ. ಕಿಂಡಿ ತೆರೆಯುವುದು ಬಿಡುವುದು ಡಾಕ್ಟರ ಕೈಯಲ್ಲಿ.

ಅಮ್ಮನ ಚೀಟಿಯಲ್ಲಿ ಕಾರಣ ಅಂತ ಬರೆದದ್ದು ಗರ್ಭನಿರೋಧಕ ವಿಫಲ ಅಂತ. "ಅದೆಲ್ಲ ನಾವು ಎಲ್ಲಿ ಬಳಸಿದ್ದು ಮಾರಾಯ್ತಿ" ಅಂತ ಅಮ್ಮ ನಕ್ಕಳು. ಡಾಕ್ಟರಮ್ಮ ಒಳ್ಳೆಯವರಂತೆ, ಏನು ಬರೆದರೆ ನಡೆಯುತ್ತದೋ ಅದನ್ನು ಬರೆದುಕೊಂಡರಂತೆ. ಬೆಳಿಗ್ಗೆ ಮೊದಲ ಬಸ್ಸಿಗೆ ಅಜ್ಜಿಯ ಜೊತೆ ಹೋಗಿ ಸಂಜೆ ವಾಪಸ್. ನಾಲ್ಕನೇ ದಿನ ಮತ್ತೆ ಗೆರಸೆ. 1995ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾನೂನುಬದ್ಧ ಗರ್ಭಪಾತಕ್ಕೂ ಆರು ವಾರದ ವೇತನಸಹಿತ ರಜೆ ಎಂದು ಸ್ಪಷ್ಟವಾಯಿತು. ನನಗೆ ಆಫೀಸಿನಲ್ಲಿ ಆ ರಜೆಯ ಹಕ್ಕು ಇದೆ. ಎಚ್‌ಆರ್ ಪಾಲಿಸಿಯಲ್ಲಿ ಓದಿದ್ದೆ. ಅದರ ಪಕ್ಕ ಅಮ್ಮನ ನಾಲ್ಕು ದಿನವನ್ನು ಇಟ್ಟು ನೋಡಿದ್ದು ಮಾತ್ರ ಈಗ.

ಕೇಳಬಾರದ ಪ್ರಶ್ನೆ ಕೇಳಿದೆ. ದುಡ್ಡು ಇದ್ದಿದ್ದರೆ ಇಟ್ಟುಕೊಳ್ಳುತ್ತಿದ್ದೆಯಾ?

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಎರಡು ತುಳು ಪದಗಳಲ್ಲಿ. ಆಗ ಮನಸ್ಸಿಗೆ ಬಂದದ್ದು 'ಬೊಡ್ಚಿ' ಅಂತ ಅಲ್ಲವಂತೆ, 'ಆಪುಜಿ' ಅಂತ. ಬೊಡ್ಚಿ ಅಂದರೆ ಬೇಡ. ಆಪುಜಿ ಅಂದರೆ ಆಗುವುದಿಲ್ಲ.

ಅಂದಿನಿಂದ 'ಆಯ್ಕೆ' ಎಂಬ ಪದ ಕೇಳಿದಾಗ ನನಗೆ ಸ್ವಲ್ಪ ತಡವರಿಸುತ್ತದೆ. ತಪ್ಪು ತಿಳಿಯಬೇಡಿ. ಅಮ್ಮನಿಗೆ ಆ ದಾರಿ ಇಲ್ಲದೇ ಹೋಗಿದ್ದರೆ? ಅಮೆರಿಕದಲ್ಲೇ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಹಿಂಬಾಲಿಸಿದ 'ಟರ್ನ್‌ಅವೇ' ಎಂಬ ಅಧ್ಯಯನ ಇದೆ. ಗರ್ಭಪಾತ ಸಿಗದೆ ವಾಪಸ್ ಹೋದವರು, ಸಿಕ್ಕಿದವರಿಗಿಂತ ಹೆಚ್ಚು ಬಡತನಕ್ಕೆ ಬಿದ್ದದ್ದನ್ನು ಅದು ತೋರಿಸಿದೆ. ಬಂದವರಲ್ಲಿ ಹೆಚ್ಚಿನವರು ಆಗಲೇ ಮಕ್ಕಳಿದ್ದ ತಾಯಂದಿರು, ನನ್ನ ಅಮ್ಮನ ಹಾಗೆ. ಅಲ್ಲಿ 1976ರ ಹೈಡ್ ತಿದ್ದುಪಡಿಯೇ ಬಡವರ ಗರ್ಭಪಾತಕ್ಕೆ ಕೇಂದ್ರ ಸರ್ಕಾರದ ಹಣ ಬಹುಮಟ್ಟಿಗೆ ನಿಲ್ಲಿಸಿತ್ತು. ದುಡ್ಡಿಲ್ಲದವರ ಪಾಲಿಗೆ 'ರೋ' 2022ಕ್ಕಿಂತ ಬಹಳ ಮೊದಲೇ ಅರ್ಧ ಸತ್ತಿತ್ತು.

ಆದರೆ ಬಡವರಿಗೆ ಮಕ್ಕಳು ಯಾಕೆ ಎಂಬ ಇನ್ನೊಂದು ದನಿಯೂ ಇದೆಯಲ್ಲ, ಅದಕ್ಕೂ ನಾನು ಹೆದರುತ್ತೇನೆ. ತುರ್ತುಪರಿಸ್ಥಿತಿಯಲ್ಲಿ ಅದು ಏನು ಮಾಡಿತು ಅಂತ ಗೊತ್ತಿದೆ. 1971ರ ಕಾಯ್ದೆಯ ಹಿಂದೆಯೂ ಹೆಂಗಸರ ಜೀವದ ಕಾಳಜಿಯ ಜೊತೆಗೆ ಜನಸಂಖ್ಯೆಯ ಭಯ ಇತ್ತು. ಬೀಡಿ ಕಾರ್ಮಿಕರಿಗಾಗಿ 1976ರಲ್ಲಿ ಕಲ್ಯಾಣ ನಿಧಿ ಬಂತು. ಅದರ ಸ್ಕಾಲರ್‌ಶಿಪ್ಪಿನಲ್ಲೇ ನನ್ನ ಹೈಸ್ಕೂಲು ನಡೆದದ್ದು, ಋಣ ಇದೆ. ಅದೇ ನಿಧಿಯಲ್ಲಿ ಸಂತಾನಶಕ್ತಿಹರಣ ಮಾಡಿಸಿಕೊಂಡರೂ ಪ್ರೋತ್ಸಾಹಧನ ಇತ್ತು. ಮಗು ಬೇಡ ಅನ್ನಲು ಸರ್ಕಾರದ ಬಳಿ ದುಡ್ಡಿತ್ತು. ಸಾವಿರ ಬೀಡಿಗೆ ನಾಲ್ಕು ಕಾಸು ಹೆಚ್ಚು ಕೊಡಿಸಲು ಮಾತ್ರ ಪ್ರತಿಸಲ ಮುಷ್ಕರವೇ ಆಗಬೇಕಿತ್ತು.

ಈಚೆಗೆ ಕಾನೂನು ಹಿಗ್ಗಿದೆ. 2021ರ ತಿದ್ದುಪಡಿಯಲ್ಲಿ ಕೆಲವು ಸಂದರ್ಭಗಳಿಗೆ ಮಿತಿ 20ರಿಂದ 24 ವಾರಕ್ಕೆ ಏರಿತು, 'ಗಂಡ' ಹೋಗಿ 'ಸಂಗಾತಿ' ಬಂದ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಅದೇ ಹಕ್ಕು ಅಂದಿತು. ಒಳ್ಳೆಯದೇ. ಆದರೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಂದಾಜಿನ ಪ್ರಕಾರ 2015ರಲ್ಲಿ ದೇಶದಲ್ಲಿ ಆದ 1.56 ಕೋಟಿ ಗರ್ಭಪಾತಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದವು.

ನಾನೀಗ ಇರುವುದು ಕಾಪುವಿನಲ್ಲಿ. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಕೆಲಸಕ್ಕೆ ಬಂದವರು ಕೊಪ್ಪಳ, ಬಾಗಲಕೋಟೆ ಕಡೆಯವರು. ಹೋದ ಮಳೆಗಾಲದಲ್ಲಿ ಅಲ್ಲಿಯ ಒಬ್ಬ ಹೆಂಗಸು, ನೀರು ಹಿಡಿಯಲು ಬಂದವಳು, ಸೆರಗಿನಿಂದ ಮಾತ್ರೆಯ ಪಟ್ಟಿ ತೆಗೆದು, "ಅಕ್ಕಾರ, ಇದನ್ನ ಹ್ಯಾಂಗ ತಗೋಬೇಕ್ರಿ?" ಅಂತ ಕೇಳಿದಳು. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಕೊಟ್ಟಿದ್ದರು. ಎಷ್ಟು ತಿಂಗಳು ಅಂದರೆ ಸರಿಯಾಗಿ ಗೊತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ, ಹೋಗೋಣ ಅಂದೆ. "ಅಲ್ಲಿ ಕೇಳಂಗಿಲ್ರಿ, ಇಲ್ಲಿ ಪಗಾರ ಹೊಕ್ಕೈತಲ್ರಿ" ಅಂದಳು. ಒಂದು ದಿನ ಸ್ಕ್ಯಾನಿಂಗಿಗೆ, ಒಂದು ದಿನ ಅದಕ್ಕೆ, ಆಮೇಲೆ ಮತ್ತೊಂದು ದಿನ. ಮೂರು ದಿನದ ಕೂಲಿ.

ನಾನು ಸಿಕ್ ಲೀವ್ ಹಾಕಿ ಅವಳ ಜೊತೆ ಹೋದೆ. ನನ್ನ ಸಂಬಳ ಒಂದು ರೂಪಾಯಿಯೂ ಕಡಿತವಾಗಲಿಲ್ಲ. ಅವಳು ಸಾಲಿನಲ್ಲಿ ನಿಂತು, ಅರ್ಧ ಗಂಟೆಗೊಮ್ಮೆ ಟೈಮೆಷ್ಟು ಅಂತ ಕೇಳುತ್ತಿದ್ದಳು. ಎರಡು ಗಂಟೆಯೊಳಗೆ ಸೈಟಿಗೆ ಮುಟ್ಟಿದರೆ ಅರ್ಧ ದಿನದ ಹಾಜರಿ ಹಾಕುತ್ತಾರಂತೆ.